ಫ್ರಾನ್ಸಿನಲ್ಲಿ ಒಂದು ಕಸುಬಿನ ಹಳ್ಳಿ ನೋಡಬೇಕು ಅಂದ್ರೆ ಯಾವುದಕ್ಕೆ ಹೋಗೋದು?

ಪ್ಯಾರಿಸ್ ಸುತ್ತಾಟ ಮೂರು ದಿನ ಆಗಿತ್ತು. ಐಫೆಲ್ ಟವರ್ ಪಕ್ಕದ ಬೆಂಚಿನ ಮೇಲೆ ಕೂತು ಮಂಡಿ ನೀವಿಕೊಳ್ಳುತ್ತಾ ಅಮ್ಮ ಕೇಳಿದರು: "ಈ ದೇಶದಲ್ಲಿ ಹಳ್ಳಿ ಅನ್ನೋದೇ ಇಲ್ವೇನೋ?"

"ಇದಾವಮ್ಮ, ಬೇಕಾದಷ್ಟು."

"ಮತ್ತೆ ಅಲ್ಲಿಗೆ ಕರ್ಕೊಂಡು ಹೋಗು. ಬರೀ ಕಟ್ಟಡ ನೋಡಿ ಸಾಕಾಯ್ತು. ಜನ ಕೂತು ಕೆಲಸ ಮಾಡೋದು ನೋಡ್ಬೇಕು."

ನಾನು ಇರುವುದು ತುಲೂಸಿನಲ್ಲಿ. ಅಮ್ಮ ಹಾಕಿದ ಆ ಷರತ್ತು ಎಷ್ಟು ಉಪಯೋಗದ್ದು ಅಂತ ಆಮೇಲೆ ಗೊತ್ತಾಯಿತು. ಈಗ ಊರಿನಿಂದ ಯಾರೇ ಬರಲಿ, "ಒಂದು ಫ್ರೆಂಚ್ ಹಳ್ಳಿ ಹೇಳು" ಅಂದರೆ ಮೊದಲು ಒಂದು ಪ್ರಶ್ನೆ ಕೇಳುತ್ತೇನೆ. ನಿಮಗೆ ಚೆಂದದ ಊರು ಬೇಕಾ, ಕೆಲಸ ನಡೆಯುವ ಊರು ಬೇಕಾ? ಎರಡೂ ಒಂದೇ ಕಡೆ ಸಿಗುವುದು ಕಡಿಮೆ.

ಇಂಟರ್ನೆಟ್ಟಿನಲ್ಲಿ ಹುಡುಕಿದರೆ ಎಲ್ಲ ಊರಿನ ಫೋಟೋವೂ ಒಂದೇ ಥರ. ಕಲ್ಲಿನ ಮನೆ, ನೀಲಿ ಕಿಟಕಿ, ಕುಂಡದಲ್ಲಿ ಕೆಂಪು ಹೂವು. ಹುಡುಕಾಟದಲ್ಲಿ ಮೊದಲು ಸಿಗುವುದು "ಫ್ರಾನ್ಸಿನ ಅತಿ ಚೆಂದದ ಹಳ್ಳಿಗಳು" ಎಂಬ ಪಟ್ಟಿ. ಅದು 1982ರಲ್ಲಿ ಕೊಲೋಂಜ್-ಲಾ-ರೂಜ್ ಎಂಬ ಕೆಂಪು ಕಲ್ಲಿನ ಊರಿನ ಮೇಯರ್ ಶುರುಮಾಡಿದ ಸಂಘದ್ದು. ಸೇರಬೇಕಾದರೆ ಊರಿನ ಜನಸಂಖ್ಯೆ 2,000 ದಾಟಿರಬಾರದು, ಸರ್ಕಾರ ರಕ್ಷಿಸಿದ ಜಾಗ ಅಥವಾ ಕಟ್ಟಡ ಕನಿಷ್ಠ ಎರಡಾದರೂ ಇರಬೇಕು. ಒಳ್ಳೆಯ ಪಟ್ಟಿಯೇ. ಆದರೆ ಅದು ಅಳೆಯುವುದು ಗೋಡೆ, ಮಾಡು, ಬೀದಿಗಳನ್ನು. ಒಳಗೆ ಕೂತವರ ಕೈಯನ್ನಲ್ಲ. ನಾನಿಲ್ಲಿ ಹೇಳುವ ಐದು ಊರುಗಳಲ್ಲಿ ಎರಡು ಆ ಪಟ್ಟಿಯಲ್ಲಿವೆ, ಮೂರು ಇಲ್ಲ. ಇಲ್ಲದ ಮೂರರಲ್ಲೇ ಅಮ್ಮನಿಗೆ ಖುಷಿಯಾಗಿದ್ದು ಜಾಸ್ತಿ.

ಬುಟ್ಟಿಯ ಊರು: ವಿಲೆನ್-ಲೆ-ರೋಶೆ

ಲುವಾರ್ ಬಯಲಿನ ಅರಮನೆಗಳನ್ನು ನೋಡಲು ತುಂಬ ಜನ ಹೋಗುತ್ತಾರೆ. ಅಝೆ-ಲ-ರಿದೊ ಅರಮನೆಯ ಮುಂದೆ ಬಸ್ಸುಗಳ ಸಾಲೇ ಇರುತ್ತದೆ. ಅಲ್ಲಿಂದ ಆರೇಳು ಕಿಲೋಮೀಟರ್ ಮುಂದೆ ಈ ಹಳ್ಳಿ. ಬಸ್ಸುಗಳು ಅಷ್ಟು ದೂರ ಬರುವುದಿಲ್ಲ. ಸುಮಾರು ಸಾವಿರ ಜನರ ಊರು. ಬೆನ್ನಿಗೆ ಬಿಳಿ ಸುಣ್ಣಕಲ್ಲಿನ ಬಂಡೆ, ಬಂಡೆಯಲ್ಲಿ ಕೊರೆದ ಗುಹೆಮನೆಗಳು.

ಈ ಗುಹೆಗಳಿಗೂ ಬುಟ್ಟಿಗೂ ಸಂಬಂಧ ಇದೆ. ಇಲ್ಲಿ ಹೆಣೆಯುವುದು ವಿಲ್ಲೋ ಗಿಡದ ಕಡ್ಡಿಯನ್ನು. ಫ್ರೆಂಚರು ಒಜಿಯೆ ಅನ್ನುತ್ತಾರೆ. ನೆನೆಸಿದ ಕಡ್ಡಿ ಹೇಳಿದಂತೆ ಬಾಗುತ್ತದೆ, ಒಣಗಿದರೆ ಪಟ್ಟನೆ ಮುರಿಯುತ್ತದೆ. ಗುಹೆಯೊಳಗಿನ ತೇವ ಕಡ್ಡಿಯ ಹದ ಕಾಯುತ್ತಿತ್ತು. ಹಾಗಾಗಿ ಹಿಂದೆ ಹೆಣೆಯುವವರು ಗುಹೆಯಲ್ಲೇ ಕೂತು ಕೆಲಸ ಮಾಡುತ್ತಿದ್ದರು.

ನಮ್ಮ ಮೇದರು ಬಿದಿರನ್ನು ಸೀಳಿ, ಎಳೆ ತೆಗೆದು ಹೆಣೆಯುತ್ತಾರಲ್ವಾ? ಇಲ್ಲಿ ಹೆಚ್ಚಿನ ಕೆಲಸಕ್ಕೆ ಸೀಳುವ ಗೋಜೇ ಇಲ್ಲ. ಗಿಡವನ್ನು ಪ್ರತಿ ಚಳಿಗಾಲ ಬುಡಕ್ಕೆ ಕತ್ತರಿಸುತ್ತಾರೆ. ಮರುವರ್ಷ ಬುಡದಿಂದ ನೆಟ್ಟಗೆ, ಕವಲಿಲ್ಲದ ಕಡ್ಡಿಗಳು ಚಿಮ್ಮುತ್ತವೆ. ಕೊಯ್ದು, ಉದ್ದದ ಪ್ರಕಾರ ವಿಂಗಡಿಸಿ, ಕಂತೆ ಕಟ್ಟುತ್ತಾರೆ. ಬಿಳಿ ಬುಟ್ಟಿ ಬೇಕಾದರೆ ಕಂತೆಗಳ ಬುಡವನ್ನು ಕೆಲವು ಅಂಗುಲ ನೀರಿನಲ್ಲಿ ನಿಲ್ಲಿಸುತ್ತಾರೆ. ವಸಂತ ಬಂದಾಗ ಕಡಿದ ಕಡ್ಡಿಯಲ್ಲೂ ರಸ ಏರುತ್ತದೆ, ಚಿಗುರು ಒಡೆಯುತ್ತದೆ. ಆಗ ಸಿಪ್ಪೆ ಸಲೀಸಾಗಿ ಸುಲಿಯುತ್ತದೆ. ಕಂದು ಬಣ್ಣ ಬೇಕಾದರೆ ಕುದಿಸಿ ಸುಲಿಯುತ್ತಾರೆ. ಸಿಪ್ಪೆ ಸಮೇತ ಒಣಗಿಸಿದ್ದು ಹಸಿರುಗಪ್ಪು. ಒಂದೇ ಬುಟ್ಟಿಯಲ್ಲಿ ಮೂರು ಬಣ್ಣ ಕಂಡರೆ ಅದು ಪೇಂಟ್ ಅಲ್ಲ, ಮೂರು ಥರ ಹದ ಮಾಡಿದ ಕಡ್ಡಿ.

ಕೆಲಸಗಾರರು ಕೂರುವ ರೀತಿ ನೋಡಿ ಅಪ್ಪನಿಗೆ ನಗು ಬಂತು. ನೆಲಕ್ಕೆ ಹತ್ತಿರದ ಪುಟ್ಟ ಪೀಠ, ಚಾಚಿದ ಕಾಲಿನ ಮೇಲೆ ಓರೆ ಹಲಗೆ, ಹಲಗೆಯ ಮೇಲೆ ಬುಟ್ಟಿ. "ಯುರೋಪಿಗೆ ಬಂದು ನೆಲದ ಮೇಲೆ ಕೂತೋರನ್ನ ಇವತ್ತೇ ಕಂಡಿದ್ದು" ಅಂದರು. ಒಂದು ಸುತ್ತು ಹೆಣೆದ ಮೇಲೆ ಕಬ್ಬಿಣದ ಪಟ್ಟಿಯಿಂದ ಟಪ್ ಟಪ್ ಅಂತ ಹೊಡೆದು ಸಾಲನ್ನು ಒತ್ತಾಗಿಸುತ್ತಾರೆ. ಇನ್ನೊಂದು ಸಲಕರಣೆ ಬುಗುರಿಯ ಹಾಗಿತ್ತು. ಕಡ್ಡಿಯ ತುದಿಗೆ ಚುಚ್ಚಿ ತಳ್ಳಿದರೆ ಕಡ್ಡಿ ಸಮನಾಗಿ ಮೂರು ಸೀಳಾಗುತ್ತದೆ. ನಾಜೂಕು ಕೆಲಸಕ್ಕೆ ಮಾತ್ರ ಆ ಸೀಳು ಬೇಕಂತೆ.

ಅಂಗಡಿಯಲ್ಲಿ ಅಮ್ಮ ಮೊದಲು ಮಾಡಿದ ಕೆಲಸ ಏನು ಗೊತ್ತಾ? ಬುಟ್ಟಿಯನ್ನು ಬೋರಲು ಹಾಕಿದರು. "ಅಡಿ ನೋಡ್ಬೇಕು ಕಣೋ. ಮೇಲೆ ಯಾರು ಬೇಕಾದ್ರೂ ಚೆನ್ನಾಗಿ ಮಾಡ್ತಾರೆ." ತಳದ ನಡುವೆ ಒಂದು ಗುಂಪು ಕಡ್ಡಿ ಇನ್ನೊಂದನ್ನು ಅಡ್ಡ ಹಾದು ಹೋಗಿತ್ತು. ಅಲ್ಲಿಂದ ಸೂರ್ಯನ ಕಿರಣದ ಹಾಗೆ ಬಿಡಿಸಿಕೊಂಡು ಹೆಣಿಗೆ ಶುರು. ಹೆಬ್ಬೆರಳಿನಿಂದ ಒತ್ತಿ, ತಳ ಒಳಕ್ಕೆ ಸ್ವಲ್ಪ ಗೂಡಾಗಿದೆ ಅಂತ ತೋರಿಸಿದರು. ಹಾಗಿದ್ದರೆ ಭಾರ ಹಾಕಿದಾಗ ಜೋತು ಬೀಳುವುದಿಲ್ಲ. ಮಾರುತ್ತಿದ್ದ ಹೆಂಗಸಿಗೆ ಕನ್ನಡ ಬರದು, ಅಮ್ಮನಿಗೆ ಫ್ರೆಂಚ್ ಬರದು. ಆದರೂ ಆಕೆ ತಲೆ ಆಡಿಸಿ, ಇನ್ನೂ ಎರಡು ಬುಟ್ಟಿ ತಂದು ಬೋರಲು ಹಾಕಿ ತೋರಿಸಿದರು.

ಆ ಅಂಗಡಿಯ ಕಥೆಯೂ ಕೇಳುವಂಥದ್ದೇ. ಅದು ಸಹಕಾರ ಸಂಘದ್ದು. ಹಿಂದೆ ಹೆಣೆಯುವವರು ಮಧ್ಯವರ್ತಿಗಳು ಕೊಟ್ಟಷ್ಟೇ ತೆಗೆದುಕೊಳ್ಳಬೇಕಿತ್ತು. ಊರಿನ ಪಾದ್ರಿ ಶಿಕ್ವಾನ್ ಎಂಬವರು 1849ರಲ್ಲಿ ಅವರನ್ನೆಲ್ಲ ಸೇರಿಸಿ ಸಂಘ ಕಟ್ಟಿದರು. ಗದಗಿನ ಕಣಗಿನಹಾಳದಲ್ಲಿ ನಮ್ಮ ಸಹಕಾರ ಸಂಘ ಶುರುವಾಗಿದ್ದು 1905ರಲ್ಲಿ. ಅದಕ್ಕಿಂತ ಅರ್ಧ ಶತಮಾನ ಹಿಂದಿನ ಈ ಸಂಘ ಇವತ್ತಿಗೂ ಬುಟ್ಟಿ ಮಾರುತ್ತಿದೆ.

ಕೊರತೆ? ಇದೆ. ಊರು ನೋಡಲು ಸಾದಾ. ಸಂಜೆ ಆದರೆ ಬೀದಿಯಲ್ಲಿ ನರಪಿಳ್ಳೆ ಇರುವುದಿಲ್ಲ. ಇನ್‌ಸ್ಟಾಗ್ರಾಮಿಗೆ ಫೋಟೋ ಬೇಕು ಅನ್ನುವವರಿಗೆ ಬೇಜಾರಾಗಬಹುದು. ಬುಟ್ಟಿಯ ಬೆಲೆ ಕೇಳಿದಾಗ ಎದೆ ಧಸಕ್ ಅನ್ನುತ್ತದೆ. ಒಂದು ಬುಟ್ಟಿಗೆ ಎಷ್ಟು ಗಂಟೆ ಹಿಡಿಯುತ್ತದೆ ಅಂತ ಕಣ್ಣಾರೆ ನೋಡಿದ ಮೇಲೆ ಆ ಮಾತು ಹಾಗೇ ನುಂಗಿಕೊಂಡೆ.

ಚಾಕುವಿನ ಊರು: ಲಯೋಲ್

ಬೋರ್ಡಿನಲ್ಲಿ "ಲಗಿಯೋಲ್" ಅಂತ ಓದುವ ಹಾಗೆ ಬರೆದಿರುತ್ತದೆ. ಊರಿನವರು ಹೇಳುವುದು ಲಯೋಲ್. ಸರಿಯಾಗಿ ಹೇಳಿದರೆ ಅಂಗಡಿಯವರು ಮೊದಲ ನಿಮಿಷದಲ್ಲೇ ನಿಮ್ಮ ಕಡೆ ಆಗುತ್ತಾರೆ. ಇದು ನನ್ನ ಸ್ವಂತ ಅನುಭವ.

ಅವೇರೋನ್ ಜಿಲ್ಲೆಯ ಓಬ್ರಾಕ್ ಪ್ರಸ್ಥಭೂಮಿಯ ಮೇಲೆ, ಸುಮಾರು 1,000 ಮೀಟರ್ ಎತ್ತರದಲ್ಲಿದೆ ಈ ಊರು. ಸುತ್ತ ಹುಲ್ಲುಗಾವಲು, ಗಾಳಿ, ಉದ್ದ ಕೊಂಬಿನ ಗೋಧಿಬಣ್ಣದ ದನಗಳು. ಊರ ನಡುವೆ ಕಂಚಿನ ಗೂಳಿ ನಿಂತಿದೆ. ಇಲ್ಲಿನ ಚಾಕುವನ್ನು ಅರ್ಥ ಮಾಡಿಕೊಳ್ಳಬೇಕಾದರೆ ದನ ಕಾಯುವವನ ಜೇಬಿನಿಂದ ಶುರುಮಾಡಬೇಕು.

1829ರಲ್ಲಿ ಪಿಯೇರ್-ಜ್ಯಾ ಕಾಲ್ಮೆಲ್ಸ್ ಎಂಬ ಕುಶಲಕರ್ಮಿ ಮೊದಲ ಚಾಕು ಮಾಡಿದ ಎಂದು ಊರು ಹೇಳಿಕೊಳ್ಳುತ್ತದೆ. ಇಲ್ಲಿನ ಗಂಡಸರು ಚಳಿಗಾಲದಲ್ಲಿ ಕೂಲಿಗೆ ಸ್ಪೇನಿಗೆ ಹೋಗುತ್ತಿದ್ದರು. ಅಲ್ಲಿಂದ ತಂದ ಮಡಚುವ ಚಾಕುವಿನ ಸೊಂಟದ ಬಾಗು ಇದಕ್ಕೆ ಬಂತು. ಆಮೇಲೆ ದಬ್ಬಳ ಸೇರಿತು. ಹಸಿ ಮೇವು ತಿಂದು ದನಕ್ಕೆ ಹೊಟ್ಟೆಯುಬ್ಬರ ಬಂದರೆ ಚುಚ್ಚಿ ಗಾಳಿ ಬಿಡಿಸಲು ಬೇಕಲ್ಲ? ಅದಕ್ಕೆ. 1880ರ ಹೊತ್ತಿಗೆ ಬಾಟಲಿಯ ಬಿರಡೆ ತೆಗೆಯುವ ಸುರುಳಿಯೂ ಬಂತು. ಕಾರಣ, ಅಷ್ಟರಲ್ಲಿ ಊರಿನ ಹುಡುಗರು ಪ್ಯಾರಿಸ್ಸಿಗೆ ಹೋಗಿ ಕೆಫೆಗಳಲ್ಲಿ ಕೆಲಸಕ್ಕೆ ಸೇರಿದ್ದರು. ಒಂದು ಚಾಕು ಬಿಡಿಸಿದರೆ ಒಂದು ಸೀಮೆಯ ವಲಸೆಯ ಕಥೆಯೇ ಬಿಚ್ಚಿಕೊಳ್ಳುತ್ತದೆ.

ಹಿಡಿಯ ಪಕ್ಕದಲ್ಲಿ ಸಣ್ಣ ಮೊಳೆಗಳಿಂದ ಮಾಡಿದ ಶಿಲುಬೆ ಇರುತ್ತದೆ. ಬೆಟ್ಟದಲ್ಲಿ ಚರ್ಚ್ ಇಲ್ಲದ ದನಗಾಹಿ ಚಾಕುವನ್ನು ಬ್ರೆಡ್ಡಿಗೆ ಚುಚ್ಚಿ ನಿಲ್ಲಿಸಿ ಪ್ರಾರ್ಥನೆ ಮಾಡುತ್ತಿದ್ದನಂತೆ. ಬೆನ್ನಿನ ಮೇಲೆ ಒಂದು ಜೇನುಹುಳ. ನೆಪೋಲಿಯನ್ ಕೊಟ್ಟ ಗುರುತು ಅಂತ ಅಂಗಡಿಯಲ್ಲಿ ಕಥೆ ಹೇಳುತ್ತಾರೆ. ಕೇಳಿ, ನಂಬಬೇಡಿ.

ಇನ್ನು ಹೆಸರಿನ ರಾದ್ಧಾಂತ. 20ನೇ ಶತಮಾನದಲ್ಲಿ ಚಾಕುವಿನ ಕೆಲಸ ಇಲ್ಲಿಂದ ಹೆಚ್ಚುಕಡಿಮೆ ಪೂರ್ತಿ ತಿಯೇರ್ ಪಟ್ಟಣಕ್ಕೆ ಹೋಯಿತು. ತಿಯೇರ್ ಫ್ರಾನ್ಸಿನ ಚಾಕುಗಳ ತವರು. ಹಿಂದೆ ಅಲ್ಲಿ ಸಾಣೆ ಹಿಡಿಯುವವರು ಹೊಳೆಯ ಮೇಲೆ ಹಾಸಿದ ಹಲಗೆಗಳಲ್ಲಿ ಬೋರಲು ಮಲಗಿ ಕೆಲಸ ಮಾಡುತ್ತಿದ್ದರು. ಚಳಿಗೆ ಕಾಲು ಬೆಚ್ಚಗಿರಲಿ ಅಂತ ಕಾಲ ಮೇಲೆ ನಾಯಿ ಮಲಗಿಸಿಕೊಳ್ಳುತ್ತಿದ್ದರು. (ಆ ಊರಿನ ಮೇಲೆ ಇನ್ನೊಂದು ದಿನ ಬರೆಯಬೇಕು.) 1987ರಲ್ಲಿ ಲಯೋಲ್‌ನಲ್ಲಿ ಮತ್ತೆ ಕಾರ್ಖಾನೆ ತೆರೆದರು. ವಿನ್ಯಾಸಕಾರ ಫಿಲಿಪ್ ಸ್ಟಾರ್ಕ್ ಅದರ ಮಾಡಿನಿಂದ 18 ಮೀಟರ್ ಎತ್ತರದ ಚಾಕುವಿನ ಅಲಗನ್ನೇ ಎಬ್ಬಿಸಿ ನಿಲ್ಲಿಸಿದ. ದೂರದಿಂದಲೇ ಕಾಣುತ್ತದೆ. ಕೆಲಸ ವಾಪಸ್ ಬಂತು, ಆದರೆ ಹೆಸರು ಕೈತಪ್ಪಿತು. 1993ರಲ್ಲಿ ಹೊರಗಿನ ವ್ಯಾಪಾರಿಯೊಬ್ಬ "ಲಯೋಲ್" ಎಂಬ ಹೆಸರನ್ನು ಬಗೆಬಗೆಯ ಸಾಮಾನುಗಳಿಗೆ ಟ್ರೇಡ್‌ಮಾರ್ಕ್ ಮಾಡಿಸಿಕೊಂಡ. ಊರು ಕೋರ್ಟಿಗೆ ಹೋಯಿತು. 2012ರಲ್ಲಿ ಸೋತಾಗ ಸಿಟ್ಟಿಗೆ ಊರಿನವರು ತಮ್ಮ ಊರಿನ ನಾಮಫಲಕವನ್ನೇ ಕಿತ್ತುಹಾಕಿದರು. 2019ರಲ್ಲಿ ಪ್ಯಾರಿಸ್ಸಿನ ಮೇಲ್ಮನವಿ ಕೋರ್ಟು ಆ ಟ್ರೇಡ್‌ಮಾರ್ಕುಗಳಲ್ಲಿ ಹಲವನ್ನು ರದ್ದುಮಾಡಿತು. ಚನ್ನಪಟ್ಟಣದ ಗೊಂಬೆಗೆ ಜಿಐ (ಊರಿನ ಹೆಸರಿಗೆ ಸಿಗುವ ಕಾನೂನಿನ ರಕ್ಷಣೆ) ಯಾಕೆ ಬೇಕಿತ್ತು ಅಂತ ಯಾರಾದರೂ ಕೇಳಿದರೆ ನಾನು ಈ ಕಥೆ ಹೇಳುತ್ತೇನೆ.

ಇದರಿಂದ ಕೊಳ್ಳುವವರಿಗೆ ಆಗುವ ತೊಂದರೆ ಏನು ಅಂದರೆ, "ಲಯೋಲ್" ಅಂತ ಬರೆದಿದ್ದರೆ ಅದು ಎಲ್ಲಿಯದೂ ಆಗಿರಬಹುದು. ನಾನೂ ಮೋಸ ಹೋದವನೇ. ಈ ದೇಶಕ್ಕೆ ಬಂದ ಹೊಸದರಲ್ಲಿ ಒಂದು ಪ್ರವಾಸಿ ಪಟ್ಟಣದ ಅಂಗಡಿಯಲ್ಲಿ 15 ಯೂರೋಗೆ ಒಂದು ಚಾಕು ಕೊಂಡಿದ್ದೆ. ಎರಡು ವಾರಕ್ಕೆ ಜೇನುಹುಳ ಹಾರಿಹೋಯಿತು, ಅಂಟು ಹಾಕಿದ್ದರು! ಒಳ್ಳೆಯ ಚಾಕುವಿನಲ್ಲಿ ಜೇನು ಬೆನ್ನಿನ ಸ್ಪ್ರಿಂಗಿನ ಭಾಗವೇ ಆಗಿರುತ್ತದೆ, ಒಂದೇ ಉಕ್ಕು. ಸ್ಪ್ರಿಂಗಿನ ಮೇಲಿನ ಕೆತ್ತನೆ ಅರದಿಂದ ಕೈಯಲ್ಲಿ ಮಾಡಿದ್ದು, ಆದ್ದರಿಂದ ಎರಡು ಚಾಕು ತದ್ರೂಪು ಇರುವುದಿಲ್ಲ. ಅಲಗಿನ ಮೇಲೆ ಊರ ಹೆಸರಿನ ಜೊತೆ ತಯಾರಕರ ಹೆಸರೂ ಇರಬೇಕು. ಚಾಕು ಮಡಚಿ ಬೆಳಕಿಗೆ ಹಿಡಿದು ನೋಡಿ, ಅಲಗು ಎರಡೂ ಕಡೆಯಿಂದ ಸಮ ದೂರದಲ್ಲಿ ಕೂರಬೇಕು. ಹಿಡಿ ದನದ ಕೊಂಬಿನದೋ ಮರದ್ದೋ ಅಂತ ಕೇಳಿಕೊಳ್ಳಿ. ಚೆನ್ನಾಗಿರುವುದಕ್ಕೆ ನೂರು ಯೂರೋ ದಾಟುತ್ತದೆ ಅಂತ ಮೊದಲೇ ಮನಸ್ಸು ಗಟ್ಟಿಮಾಡಿಕೊಂಡು ಹೋಗಿ.

ಊರು ಹೇಗಿದೆ ಅಂದರೆ, ನಿಜ ಹೇಳಬೇಕು, ಅಷ್ಟೇನೂ ಚೆಂದ ಇಲ್ಲ. ದೊಡ್ಡ ಬೀದಿಯ ತುಂಬ ಚಾಕು ಅಂಗಡಿಗಳೇ. ಆದರೆ ಹಲವು ಅಂಗಡಿಗಳ ಹಿಂದೆ ಕೆಲಸದ ಕೋಣೆ ಇದೆ, ಗಾಜಿನಾಚೆ ನಿಂತು ನೋಡಬಹುದು. ಅಪ್ಪ ಅಲ್ಲಿಂದ ಕದಲಲಿಲ್ಲ. ಊಟಕ್ಕೆ ಅಲಿಗೋ ಸಿಗುತ್ತದೆ. ಆಲೂಗಡ್ಡೆ, ಬೆಳ್ಳುಳ್ಳಿ, ಹಸಿ ಚೀಸ್ ಹಾಕಿ ಎಳೆ ಎಳೆಯಾಗುವವರೆಗೆ ಮಗುಚಿದ್ದು. ಮಾಂಸ ಇಲ್ಲ. ಆದರೆ ಇಲ್ಲಿನ ಚೀಸಿಗೆ ಹಾಲು ಒಡೆಸುವುದು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ಟಿನಿಂದ. ಕಟ್ಟುನಿಟ್ಟಿನ ಸಸ್ಯಾಹಾರಿಗಳು ಬಂದರೆ ಮೊದಲೇ ಹೇಳಿಬಿಡಿ. ನಾನು ಊಟ ಆದ ಮೇಲೆ ಹೇಳಿದೆ, ಅಮ್ಮನಿಂದ ಬೈಸಿಕೊಂಡೆ.

ತಟ್ಟೆಯ ಊರು: ಮೂಸ್ತಿಯೆ-ಸೆಂತ್-ಮರಿ

ಚೆಂದವೂ ಕೆಲಸವೂ ಎರಡೂ ಬೇಕು ಅನ್ನುವವರಿಗೆ ಇದೇ ಉತ್ತರ. ಪ್ರೊವಾನ್ಸ್ ಸೀಮೆಯ ಊರು, ಜನ ಏಳುನೂರರ ಆಸುಪಾಸು. ಎರಡು ಕಡಿದಾದ ಬಂಡೆಗಳ ನಡುವೆ ಒಂದು ಸರಪಳಿ, ಸರಪಳಿಯ ನಡುವೆ ಚಿನ್ನದ ಬಣ್ಣದ ನಕ್ಷತ್ರ. ಕ್ರುಸೇಡ್ ಎಂಬ ಧರ್ಮಯುದ್ಧದಿಂದ ಜೀವಂತ ಬಂದ ಯೋಧನೊಬ್ಬ ಹರಕೆ ತೀರಿಸಿ ಕಟ್ಟಿಸಿದ್ದು ಅಂತ ಕಥೆ. 262 ಮೆಟ್ಟಿಲು ಹತ್ತಿದರೆ ಮೇಲೊಂದು ಚಾಪೆಲ್, ಅಂದರೆ ಪುಟ್ಟ ಚರ್ಚ್. ಹತ್ತಿರದಲ್ಲೇ ವೆರ್ದೋನ್ ಕಮರಿ, ಹಸಿರುನೀಲಿ ಸರೋವರ. ಪಟ್ಟಿಯಲ್ಲಿ ಇಲ್ಲದೆ ಇರುತ್ತದಾ?

ಕಸುಬು ಫಯಾನ್ಸ್. ಮಣ್ಣಿನ ಪಾತ್ರೆಗೆ ತವರ ಬೆರೆಸಿದ ಬಿಳಿ ಮೆರುಗು ಕೊಟ್ಟು, ಅದರ ಮೇಲೆ ಚಿತ್ರ ಬರೆದು ಸುಡುವುದು. 17ನೇ ಶತಮಾನದ ಕೊನೆಗೆ ಕ್ಲೆರಿಸ್ಸಿ ಮನೆತನ ಇದನ್ನು ಬೆಳೆಸಿತು. ಕಾಲವೂ ಕೈಹಿಡಿಯಿತು. ಯುದ್ಧದ ಖರ್ಚಿಗೆ ಹಣ ಸಾಲದೆ ಫ್ರಾನ್ಸಿನ ದೊರೆ 14ನೇ ಲೂಯಿ 1689ರಲ್ಲಿ, ಮತ್ತೆ 1709ರಲ್ಲಿ ಬೆಳ್ಳಿ ಸಾಮಾನು ಕರಗಿಸಲು ಹೇಳಿದ. ಬೆಳ್ಳಿ ತಟ್ಟೆ ಹೋದ ಮೇಲೆ ಶ್ರೀಮಂತರಿಗೆ ಊಟಕ್ಕೆ ಏನಾದರೂ ಬೇಕಲ್ಲ? ಮೂಸ್ತಿಯೆಯ ತಟ್ಟೆಗೆ ಸುಗ್ಗಿ. 19ನೇ ಶತಮಾನದಲ್ಲಿ ಒಲೆಗಳು ಒಂದೊಂದೇ ಆರಿ, 1870ರ ದಶಕದಲ್ಲಿ ಕೊನೆಯದೂ ತಣ್ಣಗಾಯಿತು. ಈಗ ಇರುವುದು 1927ರಲ್ಲಿ ಮಾರ್ಸೆಲ್ ಪ್ರೊವಾನ್ಸ್ ಎಂಬವರು ಮತ್ತೆ ಹೊತ್ತಿಸಿದ ಬೆಂಕಿ.

ಇಲ್ಲಿ ಒಂದೇ ಒಂದು ವಿಷಯವನ್ನು ಹತ್ತಿರದಿಂದ ನೋಡಿ ಬನ್ನಿ, ಸಾಕು. ಚಿತ್ರದ ಗೆರೆಗುಂಟ ಸೂಜಿಯಿಂದ ಚುಚ್ಚಿದ ಕಾಗದವನ್ನು ತಟ್ಟೆಯ ಮೇಲಿಟ್ಟು ಇದ್ದಿಲ ಪುಡಿಯ ಗಂಟಿನಿಂದ ತಟ್ಟುತ್ತಾರೆ. ಕಾಗದ ಎತ್ತಿದರೆ ಚುಕ್ಕಿ ಚುಕ್ಕಿಯಾಗಿ ಚಿತ್ರ. ನಮ್ಮ ರಂಗೋಲಿ ಅಚ್ಚಿನ ಕಥೆಯೇ. ಅಮ್ಮ "ಅಯ್ಯೋ, ಇದು ನಂಗೂ ಬರುತ್ತೆ" ಅಂದರು. ಆದರೆ ಮುಂದಿನದು ಬರುವುದಿಲ್ಲ. ಸುಡದ ಮೆರುಗು ಸುಣ್ಣದ ಗೋಡೆಯಂತೆ ಬಣ್ಣವನ್ನು ತಕ್ಷಣ ಹೀರಿಬಿಡುತ್ತದೆ. ಕುಂಚ ನಿಂತರೆ ಕಲೆ. ತಪ್ಪಿದರೆ ಅಳಿಸುವಂತಿಲ್ಲ. ಹಚ್ಚುವಾಗ ಮಂಕಾಗಿ ಕಾಣುವ ಕೋಬಾಲ್ಟ್ ಬೆಂದ ಮೇಲಷ್ಟೇ ನೀಲಿ. ಬರೆಯುವವರು ಕಾಣದ ಬಣ್ಣವನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆಯುತ್ತಾರೆ.

ಕೊಳ್ಳುವಾಗ ಒಂದೇ ನಮೂನೆಯ ಎರಡು ತಟ್ಟೆ ಪಕ್ಕಪಕ್ಕ ಇಡಿಸಿ. ಹೂವಿನ ದಳ ಎರಡರಲ್ಲೂ ಕೂದಲೆಳೆಯಷ್ಟೂ ವ್ಯತ್ಯಾಸ ಇಲ್ಲದಿದ್ದರೆ ಅದು ಮುದ್ರೆ ಒತ್ತಿದ್ದು. ಹಿಂಬದಿಯಲ್ಲಿ ಕಾರ್ಯಾಗಾರದ ಹೆಸರು ಇರಲಿ. ಪಿಂಗಾಣಿ ಅಂತ ಯಾರಾದರೂ ಹೇಳಿದರೆ ದೀಪಕ್ಕೆ ಹಿಡಿದು ನೋಡಿ. ತೆಳು ಪಿಂಗಾಣಿಯಲ್ಲಿ ಬೆಳಕು ತೂರುತ್ತದೆ, ಫಯಾನ್ಸಿನಲ್ಲಿ ತೂರುವುದಿಲ್ಲ. ದಿನಾ ಉಪ್ಪಿಟ್ಟು ತಿನ್ನಲು ಇದು ಬೇಡ, ಅಂಚು ಬೇಗ ಚಕ್ಕೆ ಏಳುತ್ತದೆ.

ಜುಲೈ, ಆಗಸ್ಟಿನಲ್ಲಿ ಮಾತ್ರ ಹೋಗಬೇಡಿ. ಜಾತ್ರೆ. ಕಾರು ನಿಲ್ಲಿಸಲು ಜಾಗ ಹುಡುಕುವುದರಲ್ಲೇ ಅರ್ಧ ದಿನ ಹೋಗುತ್ತದೆ. ಪಕ್ಕದ ವಲಾಂಸೋಲ್ ಬಯಲಿನ ಲ್ಯಾವೆಂಡರ್ ಕೂಡ ನೋಡಬೇಕು ಅನ್ನುವವರು ಜೂನ್ ಕೊನೆಗೆ, ಬೆಳಗ್ಗೆ ಬೇಗ ಬನ್ನಿ.

ಜಾಡಿಯ ಊರು: ಲಾ ಬೋರ್ನ್

ಇದು ಹಳ್ಳಿಯೂ ಅಲ್ಲ, ಕಾಡಿನಂಚಿನ ಪಾಳ್ಯ. ಬೂರ್ಜ್ ಪಟ್ಟಣದಿಂದ ಮೂವತ್ತು ಕಿಲೋಮೀಟರ್. ಇಲ್ಲಿನ ಜೇಡಿಮಣ್ಣನ್ನು 1,300 ಡಿಗ್ರಿ ಸೆಲ್ಸಿಯಸ್ ಹತ್ತಿರ ಸುಟ್ಟರೆ ಕಲ್ಲಿನಂತಾಗುತ್ತದೆ, ನೀರು ಜಿನುಗುವುದಿಲ್ಲ. ಶತಮಾನಗಟ್ಟಲೆ ಇಲ್ಲಿ ಮಾಡುತ್ತಿದ್ದುದು ಹಂದಿಮಾಂಸ ಉಪ್ಪು ಹಾಕಿಡುವ ಜಾಡಿ, ಎಣ್ಣೆ ಗಿಂಡಿ, ಹಾಲಿನ ಪಾತ್ರೆ. ನಮ್ಮ ಉಪ್ಪಿನಕಾಯಿ ಜಾಡಿಯೂ ಇದೇ ಜಾತಿಯದು. ಬೆರಳಿನಿಂದ ತಟ್ಟಿದರೆ ಟಣ್ ಅನ್ನುತ್ತದೆ.

ಗಾಜು, ಪ್ಲಾಸ್ಟಿಕ್ ಬಂದು ಜಾಡಿ ಕೇಳುವವರು ಕಡಿಮೆಯಾದರು. ಕುಂಬಾರ ಮನೆತನಗಳು ಒಂದೊಂದಾಗಿ ಕೈಬಿಡುವ ಹೊತ್ತಿಗೆ, ಎರಡನೇ ಮಹಾಯುದ್ಧದ ಕಾಲದಿಂದೀಚೆಗೆ ಹೊರಗಿನ ಕಲಾವಿದರು ಬಂದು ಸೇರತೊಡಗಿದರು. ಈಗ ಸುತ್ತಮುತ್ತ ಹತ್ತಾರು ಮಂದಿ ಇದ್ದಾರೆ, ಬೇರೆ ಬೇರೆ ದೇಶದವರು. ಹಲವರು ಇವತ್ತಿಗೂ ಸೌದೆ ಒಲೆಯಲ್ಲೇ ಸುಡುತ್ತಾರೆ. ದಿನಗಟ್ಟಲೆ, ರಾತ್ರಿಯಿಡೀ ಸರದಿ ಮೇಲೆ ಸೌದೆ ಒಡ್ಡುವ ಕೆಲಸ ಅದು. ಬೂದಿ ಹಾರಿ ಪಾತ್ರೆಯ ಮೇಲೆ ಕೂತು, ಕರಗಿ, ತಾನೇ ಮೆರುಗಾಗುತ್ತದೆ. ಬೆಂಕಿ ಎಲ್ಲಿ ಮುಟ್ಟಿತು ಅಂತ ಪಾತ್ರೆ ನೋಡಿದರೆ ತಿಳಿಯುತ್ತದೆ.

ಮಡಿಕೆಯ ಹುಚ್ಚು ಇರುವವರಿಗೆ ಇದು ಸ್ವರ್ಗ. ಇಲ್ಲದವರಿಗೆ ಎರಡು ಗಂಟೆ ಸಾಕು. ಮಧ್ಯದಲ್ಲಿರುವ ಸೆರಾಮಿಕ್ ಕೇಂದ್ರದಲ್ಲಿ ಎಲ್ಲರ ಕೆಲಸವೂ ಸಿಗುತ್ತದೆ, ಮನೆಗಳ ನಕ್ಷೆಯೂ ಸಿಗುತ್ತದೆ. ಬಾಗಿಲು ತಟ್ಟಿಕೊಂಡು ಹೋಗಬಹುದು. ಆದರೆ ಫೋನ್ ಮಾಡಿ ಹೋಗಿ.

ಹಾಯಿಪಟದ ಊರು: ಲೊಕ್ರೊನಾನ್

ಐದರಲ್ಲಿ ನೋಡಲು ಅತಿ ಚೆಂದ ಇದೇ, ಕೆಲಸ ಅತಿ ಕಡಿಮೆ ಇರುವುದೂ ಇಲ್ಲೇ. ಈ ಎರಡಕ್ಕೂ ಕಾರಣ ಒಂದೇ.

ಬ್ರಿಟನಿಯ ತುದಿಯಲ್ಲಿ, ಕೆಂಪೇರ್ ಪಟ್ಟಣದ ಹತ್ತಿರ. ಹೆಂಪ್ ಗಿಡದ ನಾರಿನಿಂದ ಹಡಗಿನ ಹಾಯಿಬಟ್ಟೆ ನೇಯ್ದು ಶ್ರೀಮಂತವಾದ ಊರು. ಫ್ರೆಂಚ್ ಈಸ್ಟ್ ಇಂಡಿಯಾ ಕಂಪನಿಯ ಕಚೇರಿ ಇದ್ದ ಮನೆ ಈಗಲೂ ಚೌಕದಲ್ಲಿದೆ. ಪುದುಚೇರಿಗೆ ಬರುತ್ತಿದ್ದ ಕಂಪನಿಯ ಹಡಗುಗಳಿಗೆ ಬಟ್ಟೆ ಇಲ್ಲಿಂದ ಹೋಗುತ್ತಿತ್ತು. ವ್ಯಾಪಾರಿಗಳು ಗ್ರಾನೈಟಿನಲ್ಲಿ ಮನೆ ಕಟ್ಟಿದರು. ಆಮೇಲೆ ನೇಯ್ಗೆ ಬಿದ್ದುಹೋಯಿತು. ಹಳೆಯದನ್ನು ಕೆಡವಿ ಹೊಸದು ಕಟ್ಟಲು ಯಾರ ಹತ್ತಿರವೂ ದುಡ್ಡಿರಲಿಲ್ಲ. ಹಾಗಾಗಿ ಮನೆಗಳು ಹಾಗೇ ಉಳಿದವು. ಇವತ್ತು ನಾವು ಫೋಟೋ ತೆಗೆಯುವುದು ಆ ಬಡತನ ಕಾಪಾಡಿದ ಚೌಕದ್ದು. ಕರೆಂಟಿನ ತಂತಿಯೂ ಕಣ್ಣಿಗೆ ಬೀಳದ ಹಾಗೆ ನೆಲದಡಿ ಹಾಕಿದ್ದಾರೆ. ಸಿನಿಮಾದವರು ಬರುವುದು ಸುಮ್ನೆ ಅಲ್ಲ.

ಈಗ ಇಲ್ಲಿ ಕಸುಬಿಗಿಂತ ಅಂಗಡಿ ಜಾಸ್ತಿ. ಬೆಣ್ಣೆ ಸುರಿದು ಮಾಡುವ ಕ್ವೀನ್-ಅಮಾನ್ ಎಂಬ ಸಿಹಿ ಮಾತ್ರ ಬಿಡಬೇಡಿ. ಆರು ವರ್ಷಕ್ಕೊಮ್ಮೆ ಜುಲೈನಲ್ಲಿ ಮಹಾ ತ್ರೊಮೆನಿ ಎಂಬ ಉತ್ಸವ ನಡೆಯುತ್ತದೆ. ಊರ ಸಂತನ ಹೆಸರಲ್ಲಿ ಬಾವುಟ ಹಿಡಿದು 12 ಕಿಲೋಮೀಟರ್ ಮೆರವಣಿಗೆ. 2025ರಲ್ಲಿ ಆಯಿತು, ಇನ್ನು 2031ಕ್ಕೆ.

ಹಾಗಾದರೆ ನೀವು ಎಲ್ಲಿಗೆ?

ಪ್ಯಾರಿಸ್ಸಿನಿಂದ ಹೋಗಿಬರಲು ಒಂದೇ ದಿನ ಇದ್ದರೆ ನಾನು ಕಣ್ಣುಮುಚ್ಚಿ ವಿಲೆನ್ ಅನ್ನುತ್ತೇನೆ. ತೂರ್ ಹತ್ತಿರದವರೆಗೆ ವೇಗದ ರೈಲು ಒಂದು ಗಂಟೆಯ ಸುಮಾರಿಗೆ ತಲುಪಿಸುತ್ತದೆ. ಅಲ್ಲಿ ಕಾರು ಬಾಡಿಗೆಗೆ ತಗೊಂಡರೆ ಅರಮನೆಯೂ ಆಯಿತು, ಬುಟ್ಟಿಯೂ ಆಯಿತು. ಕಾರು ಓಡಿಸದವರು ಅಝೆ-ಲ-ರಿದೊವರೆಗೆ ಸಣ್ಣ ರೈಲಿನಲ್ಲಿ ಬಂದು ಅಲ್ಲಿಂದ ಟ್ಯಾಕ್ಸಿ ಹಿಡಿಯಬೇಕು.

ಲಯೋಲ್‌ಗೆ ರೈಲಿಲ್ಲ. ತುಲೂಸಿನಿಂದ ಕಾರಿನಲ್ಲಿ ಮೂರು ಗಂಟೆ ಅಂದುಕೊಳ್ಳಿ, ಒಂದು ರಾತ್ರಿ ಉಳಿಯುವ ಲೆಕ್ಕದಲ್ಲಿ ಹೋಗಿ. ಚಳಿಗಾಲದಲ್ಲಿ ಹಿಮ ಬೀಳುತ್ತದೆ, ನಮ್ಮ ಹಾಗೆ ಹಿಮದಲ್ಲಿ ಓಡಿಸಿ ಗೊತ್ತಿಲ್ಲದವರು ಮೇ ಆಮೇಲೆ ಹೋಗುವುದು ವಾಸಿ. ತುಲೂಸಿನಲ್ಲಿ ಬೆಂಗಳೂರಿನ ವಿಮಾನ ಇಂಜಿನಿಯರುಗಳು ಎಷ್ಟೋ ಜನ ಇದ್ದೀರಿ. ವಾರಾಂತ್ಯಕ್ಕೆ ಹೇಳಿ ಮಾಡಿಸಿದ ದಾರಿ ಇದು.

ಮಕ್ಕಳ ಜೊತೆ ಬಂದರೆ ಮೂಸ್ತಿಯೆ. ಅವರಿಗೆ ತಟ್ಟೆ ಬೇಜಾರಾದರೆ ಸರೋವರ ಇದೆ. ಮಂಡಿನೋವಿನ ಹಿರಿಯರು ಜೊತೆಗಿದ್ದರೆ ಮೂಸ್ತಿಯೆಯ ಏರುಬೀದಿ ಕಷ್ಟ. ಅಮ್ಮ 262 ಮೆಟ್ಟಿಲಲ್ಲಿ ನಲವತ್ತಕ್ಕೆ ಕೂತು "ನೀವು ಹೋಗಿ ಬನ್ನಿ" ಅಂದರು. ವಿಲೆನ್, ಲಯೋಲ್ ಎರಡರಲ್ಲೂ ಅಷ್ಟು ಹತ್ತಿ ಇಳಿಯುವ ಕೆಲಸ ಇಲ್ಲ. ಲೊಕ್ರೊನಾನ್‌ಗಾಗಿಯೇ ಬ್ರಿಟನಿಗೆ ಹೋಗುವುದು ದುಬಾರಿಯಾಯಿತು. ಬ್ರಿಟನಿಗೆ ಹೇಗೂ ಹೋಗುತ್ತಿದ್ದರೆ ಮಾತ್ರ ಬಿಡಬಾರದು.

ಎಲ್ಲಿಗೇ ಹೋದರೂ ಮಧ್ಯಾಹ್ನ ಹನ್ನೆರಡರಿಂದ ಎರಡರವರೆಗೆ ಯಾರೂ ಸಿಗುವುದಿಲ್ಲ, ಊಟದ ಹೊತ್ತು. ಸೋಮವಾರ ತುಂಬ ಕಡೆ ಬಾಗಿಲು. ಅಂಗಡಿ ತೆರೆದಿದ್ದರೂ ಕೆಲಸ ನಡೆಯುತ್ತಿರಲಿಕ್ಕಿಲ್ಲ, ವಾರಾಂತ್ಯದಲ್ಲಂತೂ ಹೆಚ್ಚು. ಕೈಕೆಲಸ ನೋಡಲೇಬೇಕು ಅಂದರೆ ಮಂಗಳವಾರದಿಂದ ಶುಕ್ರವಾರದೊಳಗೆ, ಬೆಳಗ್ಗೆ ಹತ್ತರ ಸುಮಾರಿಗೆ ಹೋಗಿ. ಸೆಪ್ಟೆಂಬರ್ ಮೂರನೇ ವಾರಾಂತ್ಯದಲ್ಲಿ ದೇಶದ ತುಂಬ ಪರಂಪರೆಯ ದಿನ ಅಂತ ಆಚರಿಸುತ್ತಾರೆ, ಮಾಮೂಲಿ ದಿನ ಮುಚ್ಚಿರುವ ಬಾಗಿಲುಗಳೂ ಆಗ ತೆರೆದಿರುತ್ತವೆ.

ಕೊಂಡಿದ್ದನ್ನು ಊರಿಗೆ ಒಯ್ಯುವುದು

ಭಾರತದಿಂದ ಪ್ರವಾಸಕ್ಕೆ ಬಂದವರು ಒಂದೇ ಅಂಗಡಿಯಲ್ಲಿ ನೂರು ಯೂರೋಗಿಂತ ಜಾಸ್ತಿ ಕೊಂಡರೆ ತೆರಿಗೆ ವಾಪಸ್ ಪಡೆಯಬಹುದು. ದೇತಾಕ್ಸ್ ಅಂತ ಕೇಳಿ, ಪಾಸ್‌ಪೋರ್ಟ್ ಜೊತೆಗಿರಲಿ. ಆ ಚೀಟಿಯನ್ನು ವಿಮಾನ ನಿಲ್ದಾಣದ ಯಂತ್ರದಲ್ಲಿ ಸ್ಕ್ಯಾನ್ ಮಾಡಬೇಕು, ಬ್ಯಾಗ್ ಕೊಡುವ ಮೊದಲೇ. ಸಣ್ಣ ಕುಶಲಕರ್ಮಿಗಳೆಲ್ಲ ಈ ಸೌಲಭ್ಯ ಇಟ್ಟಿರುವುದಿಲ್ಲ, ಬಿಲ್ ಹಾಕಿಸುವ ಮೊದಲು ವಿಚಾರಿಸಿ. ತಟ್ಟೆ, ಜಾಡಿಯನ್ನು ಕೈಚೀಲದಲ್ಲೇ ಒಯ್ಯಿರಿ. ಬುಟ್ಟಿಯ ಒಳಗೆ ಬಟ್ಟೆ ತುಂಬಿದರೆ ಜಾಗವೂ ಉಳಿಯಿತು, ಆಕಾರವೂ ಉಳಿಯಿತು. ಚಾಕು ಮಾತ್ರ ಮರೆಯದೆ ಚೆಕ್-ಇನ್ ಬ್ಯಾಗಿಗೆ ಹಾಕಿ.

ಚಾಕುವಿಗೆ ಇನ್ನೊಂದು ಪದ್ಧತಿ ಇದೆ. ಫ್ರಾನ್ಸಿನಲ್ಲಿ ಚಾಕುವನ್ನು ಸುಮ್ನೆ ಉಡುಗೊರೆ ಕೊಡುವುದಿಲ್ಲ, ಸ್ನೇಹ ಕತ್ತರಿಸಿ ಹೋಗುತ್ತದಂತೆ. ತೆಗೆದುಕೊಂಡವರು ಒಂದು ಚಿಲ್ಲರೆ ಕಾಸು ಕೊಟ್ಟು, ಕೊಂಡುಕೊಂಡ ಲೆಕ್ಕ ಮಾಡಬೇಕು. ಲಯೋಲ್‌ನಲ್ಲಿ ಅಪ್ಪನ ಕೈಗೆ ಚಾಕು ಕೊಟ್ಟು ಈ ಮಾತು ಹೇಳಿದೆ. ಅಪ್ಪ ಜೇಬೆಲ್ಲ ತಡಕಾಡಿದರು. ತಿಪಟೂರಿನ ಬಸ್ಸಿನಲ್ಲಿ ಸಿಕ್ಕ ಎರಡು ರೂಪಾಯಿ ನಾಣ್ಯ ಒಂದು ಇತ್ತು. ಅದನ್ನು ಕೊಟ್ಟು, ಚಾಕು ಮಡಚುತ್ತಾ ಕೇಳಿದರು: "ಚಿಲ್ಲರೆ ವಾಪಸ್ ಕೊಡ್ತೀಯಾ?"